ವೈನಿಯ ಹೆಸರಿನಲ್ಲಿ ನಾನು ಬರೆದ ಥ್ಯಾಂಕ್ಸ್ ಪತ್ರ

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಭೋಂಗಾ, ಅಂದರೆ ಪಾಳಿಯ ಸೈರನ್, ಮೊದಲು ಹೊಟ್ಟೆಯೊಳಗಿಂದ ಬಂದ ಹಾಗೆ ಗುರ್ ಎನ್ನುತ್ತಿತ್ತು. ಆಮೇಲೆ ಏರಿ ಏರಿ ಇಡೀ ಊರಿನ ಮೇಲೆ ಒಂದೇ ಸ್ವರವಾಗಿ ನಿಂತುಬಿಡುತ್ತಿತ್ತು. ನಮ್ಮ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಅಡುಗೆಗೆ ಇಡುವುದು, ಶಾಲೆಗೆ ಹೊರಡುವುದು, ಗಂಡಸರ ದಾರಿ ಕಾಯುವುದು, ಎಲ್ಲಕ್ಕೂ ಅದೇ ನಮ್ಮ ಗಡಿಯಾರ. ಆ ದಿನಗಳ ಒಂದು ಸಂಜೆಯ ಭೋಂಗಾ ನನಗೆ ಈಗಲೂ ಸ್ಪಷ್ಟವಾಗಿ ಕೇಳುತ್ತದೆ. ಅದು ನೆನಪಿಲ್ಲವೆಂದು ನಾನು ಒಮ್ಮೆ ಹೇಳಿದ್ದೇನೆ.

ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ವರ್ಕ್‌ಶಾಪಿನ ಫಿಟ್ಟರ್ ಒಬ್ಬರು ಬಾಡಿಗೆಗೆ ಇದ್ದರು. ಅವರ ಹೆಂಡತಿಯನ್ನು ನಾನು ಅತ್ತಿಗೆಯನ್ನು ಕರೆಯುವ ಹಾಗೆ ವೈನಿ ಎನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳು, ಅಷ್ಟೇ. ನಾನು ಕಾನ್ವೆಂಟ್ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಅವರಿಗೆ ಇಂಗ್ಲಿಷಿನಲ್ಲಿ ಏನು ಕಾಗದ ಬಂದರೂ ಓದಿ ಹೇಳುವವಳು ನಾನು, ಬರೆದು ಕೊಡುವವಳೂ ನಾನೇ. ಅದರಲ್ಲಿ ನನಗೊಂದು ಡೌಲು ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ವೈನಿಯ ಚೊಚ್ಚಲ ಹೆರಿಗೆ ಎರಡು ಓಣಿ ಆಚೆಯ ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿಯ ಡಾಕ್ಟರ್ ಬಾಯಿ ನನ್ನ ಅವ್ವನ ಗೆಳತಿ. ವೈನಿಗೆ ಬೇನೆ ಶುರುವಾದ ದಿನ ಮಧ್ಯಾಹ್ನ ಅವರು ನಮ್ಮ ಪಡಸಾಲೆಯಲ್ಲಿಯೇ ಕುಳಿತಿದ್ದರು. ತಮ್ಮ ಅಕ್ಕನ ಮಗನಿಗೆ ನನ್ನನ್ನು ತೋರಿಸುವ ಮಾತು ನಡೆದಿತ್ತು. ನಾನು ಚಹಾ ತಂದಿಟ್ಟೆ. ಆಗ ಆಸ್ಪತ್ರೆಯ ಆಯಾ ಬಂದು ಬಾಗಿಲಲ್ಲಿ ನಿಂತಳು, ಬೇನೆ ಜೋರಾಗಿದೆ, ಸಿಸ್ಟರ್ ಕರೆಯುತ್ತಿದ್ದಾರೆ ಎಂದಳು.

"ಚೊಚ್ಚಲಂದ್ರ ಹಿಂಗ. ಇನ್ನೂ ಟೈಮ್ ಅದ. ನೀ ನಡಿ, ಬರ್ತೀನಿ," ಎಂದರು ಡಾಕ್ಟರ್ ಬಾಯಿ.

ಆಯಾ ಎರಡನೆಯ ಸಲವೂ ಬಂದಳು. ಈ ಸಲ ಓಡುತ್ತ ಬಂದಿದ್ದಳು. ಅವ್ವ ಹುಡುಗನ ಫೋಟೋ ಕೈಯಲ್ಲಿ ಹಿಡಿದಿದ್ದಳು, ನಾನು ನೋಡದವಳ ಹಾಗೆ ನೋಡುತ್ತಿದ್ದೆ. ಸಂಜೆಯ ಭೋಂಗಾ ಆಯಿತು, ಗಾಜು ನಡುಗಿತು. ಆಗ ಡಾಕ್ಟರ್ ಬಾಯಿ ಎದ್ದರು, ಸೆರಗು ಸರಿಮಾಡಿಕೊಂಡರು, "ಸ್ವೀಟ್ ಗರ್ಲ್" ಎಂದು ನನ್ನ ಗಲ್ಲ ಮುಟ್ಟಿ ಹೊರಟರು.

ಹೆಣ್ಣು ಮಗು. ಅವಸರದಲ್ಲಿ ಎಳೆದು ತೆಗೆದರಂತೆ. ಮರುದಿನ ನಾನು ಹೋದಾಗ ಸಿಸ್ಟರ್ ಅರಿವೆ ಬದಲಿಸುತ್ತಿದ್ದಳು. ಮಗುವಿನ ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ಬಲಗೈ ಮಾತ್ರ ಬಟ್ಟೆಯ ಬೊಂಬೆಯ ಕೈಯಂತೆ ಪಕ್ಕಕ್ಕೆ ಬಿದ್ದಿತ್ತು. ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ ಎಂದಳು ಸಿಸ್ಟರ್. ಸರಿಹೋಗುತ್ತದೆ ಎಂದು ನಾನೂ ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಬಾಣಂತಿಯನ್ನು ಮನೆಗೆ ಕರೆದೊಯ್ಯುವ ದಿನ ಪೇಢೆಯ ಡಬ್ಬಿ ಕೊಡುವುದು ಎಲ್ಲ ಕಡೆಯ ರೂಢಿ. ಆ ಆಸ್ಪತ್ರೆಯಲ್ಲಿ ಇನ್ನೊಂದು ರೂಢಿಯಿತ್ತು. ಓದಿಕೊಂಡವರ ಮನೆಯವರು ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಪತ್ರ ಬರೆದು ಕೊಡುತ್ತಿದ್ದರು, ಡಾಕ್ಟರ್ ಬಾಯಿ ಅವಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಫಿಟ್ಟರ್ ಅಣ್ಣನಿಗೆ ತನ್ನದೂ ಒಂದು ಅಲ್ಲಿರಬೇಕೆಂಬ ಆಸೆ. ನಾನು ಕಾನ್ವೆಂಟಿನ ಮದರ್ ಕಲಿಸಿದ ಲೆಟರ್ ರೈಟಿಂಗನ್ನೆಲ್ಲ ಅದರಲ್ಲಿ ಸುರಿದೆ. 'ಪ್ರಾಂಪ್ಟ್ ಅಟೆಂಡೆನ್ಸ್' ಎಂದು ಬರೆದೆ, ಕರೆದ ತಕ್ಷಣ ಬಂದರು ಎಂದು. 'ಸ್ಕಿಲ್‌ಫುಲ್ ಹ್ಯಾಂಡ್ಸ್' ಎಂದೂ ಬರೆದೆ. ಇಷ್ಟುದ್ದ ಏನು ಬರೆದಿದ್ದೀ ಎಂದು ವೈನಿ ಕೇಳಿದ್ದಕ್ಕೆ ಛಲೋ ಬರೆದಿದ್ದೇನೆ ಎಂದೆ. ಅವಳು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ಕೈ ಸರಿಹೋಗಲಿಲ್ಲ. ಮಗು ಅಂಬೆಗಾಲಿಡುವ ಹೊತ್ತಿಗೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದರು. ಹೆರಿಗೆಯಲ್ಲಿ ಕುತ್ತಿಗೆಯ ಹತ್ತಿರದ ನರ ಜಗ್ಗಿ ಹರಿದಿದೆ, ಇನ್ನು ಈ ಕೈ ಏಳುವುದಿಲ್ಲ ಎಂದು ಅಲ್ಲಿಯವರು ಹೇಳಿದರು. ಫಿಟ್ಟರ್ ಅಣ್ಣ ವಕೀಲರನ್ನು ಹಿಡಿದು ಡಾಕ್ಟರ್ ಬಾಯಿಗೆ ನೋಟಿಸು ಕೊಡಿಸಿದರು. ಪರಿಹಾರ ಬಂದರೆ ಹುಡುಗಿಯ ಹೆಸರಿನಲ್ಲಿ ಇಡುವುದು, ನಾಳೆ ಯಾರೂ ಕೈಹಿಡಿಯದಿದ್ದರೂ ಅವಳು ತನ್ನ ಅನ್ನ ತಾನು ಉಣ್ಣಬೇಕು, ಇದೇ ಅವರ ಲೆಕ್ಕ.

ಉತ್ತರ ಬಂತು, ಇಂಗ್ಲಿಷಿನಲ್ಲಿ. ಎಂದಿನಂತೆ ಲಕೋಟೆಯನ್ನು ನನ್ನ ಕೈಗೇ ತಂದುಕೊಟ್ಟರು. ಗಂಡ ಹೆಂಡತಿ ಇಬ್ಬರೂ ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಕುಳಿತರು. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಎರಡನೆಯ ಹಾಳೆಯಲ್ಲಿ ನನ್ನ ಪತ್ರವೇ ಇತ್ತು, ಅಕ್ಷರ ಬಿಡದೆ ಟೈಪ್ ಮಾಡಿಸಿದ ನಕಲು. ಕರೆದ ತಕ್ಷಣ ಬಂದರೆಂದು ಬಾಣಂತಿಯೇ ಸಹಿ ಮಾಡಿದ್ದಾಳೆ, ಇನ್ನು ದೂರು ಎಲ್ಲಿಯದು ಎಂದು ಕೇಳಿದ್ದರು. ನಾನು ಅದನ್ನೂ ಓದಿ ಹೇಳಬೇಕಾಯಿತು.

ವೈನಿ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಲಗೂನ ಬಂದ್ರು ಅಂತ ನಾ ಯಾವಾಗ ಅಂದಿದ್ದೆ ತಂಗಿ?"

ಪತ್ರದಲ್ಲಿ ಹಾಗೆ ಬರೆಯುವುದು ಪದ್ಧತಿ ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಭೋಂಗಾ ಆದಮ್ಯಾಲೆ ಬಂದ್ರು. ನಾ ಮಂಚದ ಮ್ಯಾಲಿಂದ ಕೇಳೇನಿ," ಎಂದಳು. "ಅಲ್ಲೀತನಕಾ ನಿಮ್ಮ ಮನ್ಯಾಗ ಇದ್ರಂತ ಆಯಾ ಹೇಳ್ಯಾಳ. ಈಗ ಆಕಿ ಬಾಯಿ ಬಿಡವಲ್ಲಳು, ನೌಕರಿ ಹೋಗತೈತಿ. ನೀ ಒಂದ್ ಮಾತು ವಕೀಲರ ಮುಂದ ಹೇಳು ತಂಗಿ. ಪತ್ರದ ಮಾತು ನಿಂದು ಅಂತ, ಅವರು ಇಲ್ಲೇ ಕೂತಿದ್ರು ಅಂತ. ಸುಳ್ಳು ಹೇಳಂತ ನಾ ಅನ್ನಂಗಿಲ್ಲ."

ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಕೋರ್ಟು ಹತ್ತಿದ ಹುಡುಗಿಗೆ ಯಾರು ಅಕ್ಷತೆ ಹಾಕುತ್ತಾರೆ ಎಂದಷ್ಟೇ ಅಂದ. ಅಷ್ಟರಲ್ಲಿ ಡಾಕ್ಟರ್ ಬಾಯಿಯ ಅಕ್ಕನ ಮಗ ನನ್ನನ್ನು ಒಪ್ಪಿದ್ದ, ಮುಂದಿನ ತಿಂಗಳು ನಿಶ್ಚಯವಿತ್ತು. ಅವ್ವ ಒಳಗೆ ಕರೆದು, ನಿನಗೆ ಏನು ನೆನಪಿದೆ, ನೀನು ಚಹಾ ಮಾಡುತ್ತಿದ್ದೆ ಎಂದಳು. ಯಾರೂ ನನ್ನನ್ನು ಹೊಡೆಯಲಿಲ್ಲ, ಕೂಡಿ ಹಾಕಲಿಲ್ಲ. ಹಾಗೇನಾದರೂ ಮಾಡಿದ್ದರೆ ಇವತ್ತು ಬರೆಯುವುದು ಸುಲಭವಾಗುತ್ತಿತ್ತು. ನನಗೇ ಆ ಹುಡುಗ ಬೇಕಾಗಿದ್ದ. ಫೋಟೋದಲ್ಲಿ ಅವನ ಹುಬ್ಬು ಚೆನ್ನಾಗಿತ್ತು.

ಮರುದಿನ ವೈನಿ ನೀರಿಗೆ ಬಂದಾಗ ನಳದ ಹತ್ತಿರವೇ ಹೇಳಿಬಿಟ್ಟೆ.

"ನನಗ ಟೈಮ್ ನೆನಪಿಲ್ಲ ವೈನಿ."

ಅವಳು ಕೊಡ ತುಂಬುವವರೆಗೆ ಕಾದಳು. ತುಂಬಿದ ಕೊಡವನ್ನು ಸೊಂಟಕ್ಕೇರಿಸಿ, "ಇರ್ಲಿ ಬಿಡ್ರಿ ಅಕ್ಕಾರ. ನಿಮಗ್ಯಾಕ ತ್ರಾಸ," ಎಂದಳು. ತಂಗಿ ಎನ್ನಲಿಲ್ಲ. ಆಮೇಲೆ ಎಂದೂ ಅನ್ನಲಿಲ್ಲ.

ಸಾಕ್ಷಿಯಿಲ್ಲದೆ ಆ ಪತ್ರದ ಮುಂದೆ ನಿಲ್ಲಲಾಗದು ಎಂದು ವಕೀಲರು ಕೈಬಿಟ್ಟರು. ವೈನಿಯ ಮನೆಯವರು ಕೋಣೆ ಖಾಲಿ ಮಾಡಿ ಬೆಂಗೇರಿಯ ಕಡೆ ಹೋದರು. ನನ್ನ ಮದುವೆಯಾಯಿತು. ಗಂಡ ಒಳ್ಳೆಯವನೇ. ಡಾಕ್ಟರ್ ಬಾಯಿ ನನಗೆ ಚಿಕ್ಕತ್ತೆಯಾದರು. ಪ್ರತಿ ದೀಪಾವಳಿಗೂ ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ಅವರ ಆಸ್ಪತ್ರೆಗೆ ಹೋದಾಗ ಮಾತ್ರ ಗೋಡೆಯ ಕಡೆ ನೋಡುತ್ತಿರಲಿಲ್ಲ.

ಆರೇಳು ವರ್ಷದ ಮೇಲೆ, ತವರಿಗೆ ಬಂದಿದ್ದಾಗ, ಧಾರವಾಡದ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನಿಂದ ಒಬ್ಬ ಹುಡುಗಿ ಹಿಂದಕ್ಕೆ ತಿರುಗಿ ಮೊಳಕಾಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ನಾನು ಪರ್ಸಿನಿಂದ ಪೆಪ್ಪರ್‌ಮಿಂಟ್ ತೆಗೆದು ಚಾಚಿದೆ. ಅವಳು ಎಡಗೈ ಮುಂದೆ ಮಾಡಿದಳು. ಕಾನ್ವೆಂಟಿನ ಮದರ್ ನನಗೆ, ಅವ್ವ ನನಗೆ, ನಾನು ನನ್ನ ಮಗನಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು, ಯೋಚಿಸದೆ ಬಾಯಿಂದ ಬಂದುಬಿಟ್ಟಿತು.

"ಬಲಗೈಲೆ ತಗೋಬೇಕು ಪುಟ್ಟಿ."

ಹುಡುಗಿ ಬೇಸರಪಡಲಿಲ್ಲ. ತುಂಬ ರೂಢಿಯಾದವಳಂತೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ಎತ್ತಿ, ಸೀಟಿನ ಅಂಚಿನ ಮೇಲೆ ಇಟ್ಟು, ಅಂಗೈಯನ್ನು ನನ್ನ ಕಡೆ ತಿರುಗಿಸಿದಳು. ಪಕ್ಕದ ಹೆಂಗಸು ತಿರುಗಿ ನೋಡಿದಳು. ವೈನಿ. ನನ್ನನ್ನು ನೋಡಿದಳು, ನನ್ನ ಬೆರಳಲ್ಲಿದ್ದ ಪೆಪ್ಪರ್‌ಮಿಂಟ್ ನೋಡಿದಳು.

"ತಗೋವಾ, ಅಕ್ಕಾರು ಕೊಡಾಕತ್ತಾರ," ಎಂದಳು ಮಗಳಿಗೆ.

ನಾನು ಆ ತಣ್ಣನೆಯ ಅಂಗೈಯ ಮೇಲೆ ಅದನ್ನು ಇಟ್ಟೆ. ಬೆರಳು ಮುಚ್ಚಲಿಲ್ಲ. ಬಸ್ಸು ಕುಲುಕಿದಾಗ ಬಿದ್ದೀತೆಂದು ಹುಡುಗಿ ಎಡಗೈಯನ್ನು ಮೇಲೆ ಮುಚ್ಚಿ ಹಿಡಿದುಕೊಂಡಳು. ಮುಂದಿನ ಸ್ಟಾಪಿನಲ್ಲಿ ಅವರು ಇಳಿದರು. ವೈನಿ ಮಗಳ ಬಲಬದಿಗೆ ಬಂದು, ಆ ಕೈಯನ್ನು ತನ್ನ ಸೆರಗಿನೊಳಗೆ ತೆಗೆದುಕೊಂಡು, ರಸ್ತೆ ದಾಟಿದಳು. ಹಿಂದಕ್ಕೆ ನೋಡಲಿಲ್ಲ.