ಕೇಳಿದಷ್ಟು ಕೊಟ್ಟ ದಿನ

ಸಂತೆಯಲ್ಲಿ ಕೇಳಿದ ಬೆಲೆಯನ್ನು ಕೇಳಿದ ಹಾಗೆಯೇ ಕೊಟ್ಟು, ಸಾಮಾನು ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ ನಡೆದುಬಿಡುವ ಗಂಡಸನ್ನು ಕಂಡರೆ ನನಗೆ ಒಂದು ಗಳಿಗೆ ನಿಂತು ನೋಡಬೇಕೆನ್ನಿಸುತ್ತದೆ. ಅಂಥವನನ್ನು ಧನಿಕನೆಂದು ನೀವು ತಿಳಿದರೆ ತಪ್ಪು. ಧನಿಕರು ಕೊತ್ತಂಬರಿ ಸಿವುಡಿಗೂ ಅರ್ಧ ತಾಸು ಚೌಕಾಶಿ ಮಾಡಿಯೇ ಧನಿಕರಾದವರು. ಉದಾರಿಯೆಂದು ತಿಳಿದರೆ ಅದೂ ಪೂರ್ತಿ ಸರಿಯಲ್ಲ. ಅವನ ದೇಹ ಮಾತ್ರ ಸಂತೆಯಲ್ಲಿರುತ್ತದೆ, ಚಿತ್ತ ಮನೆಯ ಪಡಸಾಲೆಯಲ್ಲಿರುತ್ತದೆ, ಆ ಪಡಸಾಲೆಯಲ್ಲಿ ಯಾರೋ ಗೋಡೆಗೆ ಒರಗಿ ಕುಳಿತು ಅವನ ದಾರಿ ಕಾಯುತ್ತಿರುತ್ತಾರೆ. ಈ ಮುಖಶಾಸ್ತ್ರವನ್ನು ನಾನು ಯಾವ ಗುರುವಿನ ಕಾಲು ಹಿಡಿದೂ ಕಲಿತದ್ದಲ್ಲ. ನನ್ನ ಮುಖವನ್ನೇ ಕೊಪ್ಪಳದ ಸಂತೆ ಓದಿ ಮುಗಿಸಿದ ಮೇಲೆ, ತಡವಾಗಿ ಕಲಿತದ್ದು.

ನನ್ನ ಪರಿಚಯ ಹೇಳದೆ ಮುಂದೆ ಹೋದರೆ ಇದರ ಸ್ವಾರಸ್ಯ ನಿಮಗೆ ದಕ್ಕಲಿಕ್ಕಿಲ್ಲ. ಯಲಬುರ್ಗಿ ತಾಲೂಕಿನ ಹಳ್ಳಿಯೊಂದರಿಂದ ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಬಾರಕೋಲು, ಇಷ್ಟೇ ಆಸ್ತಿಯೊಡನೆ ಕೊಪ್ಪಳಕ್ಕೆ ಬಂದು ಎತ್ತಿನ ದಲಾಲಿಯಲ್ಲಿ ನೆಲೆ ಕಂಡವನು ನಾನು. ನಿಜಾಮರ ಆಳಿಕೆಯ ದಿನಗಳು. ಸಾಲಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಬೆರಳು, ಇವು ನಾನು ಬಲ್ಲ ಮೂರು ಭಾಷೆಗಳು. ಮೂರನೆಯದನ್ನು ಅರಿಯದವರಿಗಾಗಿ ಹೇಳುತ್ತೇನೆ. ಎತ್ತಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು, ಅದುಮಿ, ಬಿಟ್ಟು ಬೆಲೆ ಹೇಳುತ್ತೇವೆ. ಸುತ್ತ ಜನ ಮುತ್ತಿ ನಿಂತಿರುತ್ತಾರೆ. ಯಾರಿಗೂ ಏನೂ ತಿಳಿಯಬಾರದು. ಕೆಳಗೆ ಬೆರಳುಗಳು ಯುದ್ಧ ಮಾಡುತ್ತಿರುವಾಗ ಮೇಲೆ ಮುಖ ಮಾತ್ರ ಕೆರೆಯ ನೀರಿನಂತೆ ನಿಶ್ಚಲವಾಗಿರಬೇಕು. ಈ ವಿದ್ಯೆಯಲ್ಲಿ ಕುಷ್ಟಗಿಯಿಂದ ಗಂಗಾವತಿಯವರೆಗೆ ನನ್ನನ್ನು ಮೀರಿಸಿದವರಿಲ್ಲವೆಂದು ಜನ ಹೇಳುತ್ತಿದ್ದರು. ಜನ ಹೇಳದ ದಿನ ನಾನೇ ಹೇಳಿಕೊಳ್ಳುತ್ತಿದ್ದೆ.

ಹೀಗಿರುವಾಗ ನನ್ನ ಹೆಂಡತಿ ನೀಲವ್ವ ಒಂದು ಮುಂಜಾನೆ ಹಂಚಿನ ಮೇಲೆ ರೊಟ್ಟಿ ಹಾಕಿದವಳು, ಅದರ ವಾಸನೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಮರುದಿನವೂ ಓಡಿದಳು. ಮೂರನೆಯ ದಿನ ನಾನು ವೈದ್ಯರನ್ನು ಕರೆಯಲು ಚಪ್ಪಲಿ ಮೆಟ್ಟಿದಾಗ, "ಎಲ್ಲಿ ಹೊಂಟ್ರಿ? ಇದು ಔಷಧದ ಬ್ಯಾನಿ ಅಲ್ರಿ" ಎಂದು ನಕ್ಕಳು. ಆ ನಗು ಅರ್ಥವಾಗಲು ನನಗೆ ಹಿಡಿದಷ್ಟು ಹೊತ್ತು ಎಷ್ಟೇ ಮುದಿ ಎತ್ತಿನ ಹಲ್ಲು ನೋಡಲೂ ಹಿಡಿದಿರಲಿಲ್ಲ. ಅರ್ಥವಾದ ಮೇಲೆ ಮೆಟ್ಟಿದ ಚಪ್ಪಲಿಯಲ್ಲೇ ಅಡಿಗೆಮನೆಯ ತನಕ ನಡೆದು ಬೈಸಿಕೊಂಡೆ.

ಬೈದು ಮುಗಿಸಿ ಆಕೆ ನನ್ನಿಂದ ಒಂದು ವಚನ ಪಡೆದಳು. ಹನುಮಸಾಗರದ ಒಕ್ಕಲುತನದ ಮನೆಯ ಮಗಳು ಅವಳು. ಅವಳ ಅಕ್ಕ ಚೊಚ್ಚಲ ಬಸಿರನ್ನು ಎರಡನೆಯ ತಿಂಗಳಿಗೇ ಊರಿಗೆಲ್ಲ ಹಂಚಿ, ನಾಲ್ಕನೆಯ ತಿಂಗಳಿಗೆ ಕಳೆದುಕೊಂಡಿದ್ದಳು. ಅಂದಿನಿಂದ ನೀಲವ್ವನಿಗೆ ಜನರ ಕಣ್ಣೆಂದರೆ ದಿಗಿಲು. "ಐದು ತಿಂಗಳು ತುಂಬಿ ಕುಬುಸ ಆಗೂತನಕ ಒಂದು ನರಪಿಳ್ಳಿಗೂ ಗೊತ್ತಾಗಬಾರದ್ರಿ. ಗೊತ್ತಾತಂದ್ರ ನನ್ನ ಜೀವ ಕೈಯಾಗ ಬರ್ತೈತಿ" ಎಂದಳು. ಕುಬುಸವೆಂದರೆ ನಮ್ಮ ಕಡೆಯ ಸೀಮಂತ. ಹೇಳುವಾಗ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ನಾನು ಎದೆಯುಬ್ಬಿಸಿ, "ಬೆಲೆ ಮುಚ್ಚಿಡೂದ ನನ್ನ ಕಸಬು, ಇದನ್ನ ಮುಚ್ಚಿಡೂದು ಎಷ್ಟರ ಮಾತು?" ಎಂದುಬಿಟ್ಟೆ.

ಮೊದಲ ಸಂಕಟ ರೊಟ್ಟಿಯದೇ. ಮನೆಯಲ್ಲಿ ನಾವಿಬ್ಬರೇ, ಅವಳಿಗೆ ಹಂಚಿನ ವಾಸನೆ ಆಗದು, ಹೊರಗಿನವರನ್ನು ಕರೆಯುವಂತಿಲ್ಲ. ಹಾಗಾಗಿ ಬಾಗಿಲು ಮುಂದೆ ಮಾಡಿ ನಾನೇ ರೊಟ್ಟಿ ಬಡಿಯಲು ಕುಳಿತೆ, ಅವಳು ಹಿತ್ತಲಲ್ಲಿ ಮೂಗು ಮುಚ್ಚಿಕೊಂಡು ಉಪದೇಶ ಮಾಡಿದಳು. ನನ್ನ ಮೊದಲ ರೊಟ್ಟಿಗೆ ನಾಲ್ಕು ಮೂಲೆಗಳಿದ್ದವು, ಎರಡನೆಯದಕ್ಕೆ ಐದು. ಗೋಡೆಯಾಚೆಯ ನೆರೆಯಾಕೆ, "ನೀಲವ್ವಾ, ನಿನ್ನ ರೊಟ್ಟಿ ಸಪ್ಪಳ ಬ್ಯಾರೆನ ಬರಾಕತ್ತೈತಲ್ಲ?" ಎಂದು ಕೂಗಿದರೆ, ನೀಲವ್ವ "ಕೈ ಉಳುಕೈತ್ರಿ ಅಕ್ಕಾರ" ಎಂದು ಕೂಗಿದಳು. ಮೊದಲ ಸಲ ತಂದೆಯಾಗಲಿರುವ ತರುಣರಿಗೆ ನನ್ನದೊಂದು ಹಿತವಚನ: ಜೋಳದ ಹಿಟ್ಟಿಗೆ ನೀರು ಕುದಿಯುತ್ತಿರುವಾಗಲೇ ಸುರಿಯಿರಿ, ಉಗುರುಬೆಚ್ಚಗಿದ್ದರೆ ರೊಟ್ಟಿ ಹರಿಯುತ್ತದೆ. ಇದನ್ನು ಮದುವೆಗೆ ಮುಂಚೆಯೇ ಕಲಿತಿಡಿ. ಹೇಳುವವರಿಲ್ಲದೆ ನಾನು ಪಟ್ಟ ಪಾಡು ನಿಮಗೆ ಬೇಡ.

ಹೇಮಗುಡ್ಡದ ದುರ್ಗವ್ವನಿಗೆ ಹರಕೆ ಹೊತ್ತದ್ದೂ ಆಗಲೇ. ಅಲ್ಲಿಯೂ ಹುಟ್ಟುಗುಣ ಬಿಡದೆ, ಸೀರೆಯೊಂದನ್ನು ಈಗ ಉಡಿಸುತ್ತೇನೆ, ಎರಡನೆಯದು ತಾಯಿ ಮಗು ಇಬ್ಬರೂ ಸುಖರೂಪ ಮನೆಗೆ ಬಂದ ಮೇಲೆ, ಎಂದು ದೇವಿಯೊಡನೆ ಕರಾರು ಮಾಡಿಕೊಂಡೆ. ದೇವಿ ಏನೂ ಅನ್ನಲಿಲ್ಲ. ಅನುಭವಸ್ಥ ದಲಾಲಿಗಳೂ ಹಾಗೆಯೇ, ಬೇಗ ಬಾಯಿ ಬಿಡುವುದಿಲ್ಲ.

ಕಾರ್ತಿಕದಲ್ಲಿ ಮೂರನೆಯ ತಿಂಗಳು. ಒಂದು ದಿನ ಊಟದ ತಟ್ಟೆಯನ್ನು ಹಾಗೇ ಸರಿಸಿ ನೀಲವ್ವ, "ಬೆಳವಲಹಣ್ಣಿಗೆ ಬೆಲ್ಲ ಕಲಸಿ ತಿನ್ನಬೇಕು ಅನಸ್ತೈತ್ರಿ" ಎಂದಳು. ಎರಡು ದಿನದಿಂದ ಅವಳ ಹೊಟ್ಟೆಯಲ್ಲಿ ಅನ್ನ ನಿಂತಿರಲಿಲ್ಲ. ಒಂದು ಪದಾರ್ಥದ ಹೆಸರನ್ನು ಆಸೆಯಿಂದ ಹೇಳಿದ್ದೇ ಅದು ಮೊದಲು. ನಾನು ಹೇಗೆ ರುಮಾಲು ಸುತ್ತಿದೆನೋ, ಹೇಗೆ ಸಂತೆ ಮುಟ್ಟಿದೆನೋ ನನಗೇ ನೆನಪಿಲ್ಲ.

ಭಾಗ್ಯನಗರದಿಂದ ಬುಟ್ಟಿ ಹೊತ್ತು ಬಂದು ಸಂತೆಯ ಬೇವಿನ ಬುಡದಲ್ಲಿ ಹಣ್ಣು ಮಾರುತ್ತಿದ್ದ ಮುದುಕಿ ಫಕೀರವ್ವ. ಆಕೆಗೂ ನನಗೂ ವರ್ಷಾನುಗಟ್ಟಲೆಯ ಚೌಕಾಶಿಯ ಸಂಬಂಧ. ಇಬ್ಬರಲ್ಲಿ ಒಬ್ಬರು ಸಂತೆಗೆ ಬರದಿದ್ದರೆ ಇನ್ನೊಬ್ಬರಿಗೆ ಊಟ ಸೇರುತ್ತಿರಲಿಲ್ಲ. ಬೆಳವಲಹಣ್ಣನ್ನು ಕೊಳ್ಳುವ ಕ್ರಮವೇ ಬೇರೆ. ಗೇಣೆತ್ತರದಿಂದ ಕಲ್ಲಿನ ಮೇಲೆ ಬಿಡಬೇಕು. ಪುಟಿದರೆ ಕಾಯಿ, ದೊಪ್ಪೆಂದು ಕೂತರೆ ಹಣ್ಣು. ನಾನೋ ಒಂದೊಂದನ್ನೂ ನಾಲ್ಕು ಸಲ ಬಿಟ್ಟು, ಮೂಸಿ, ಕಿವಿಯ ಹತ್ತಿರ ಅಲುಗಿಸಿ, ಮುದುಕಿಯ ಬುಟ್ಟಿಗೆ ಹತ್ತು ಹೆಸರಿಟ್ಟು ಕೊಳ್ಳುವವನು. ಅಂದು ಬಿಡಲಿಲ್ಲ, ಮೂಸಲಿಲ್ಲ. "ಎಷ್ಟು?" ಎಂದೆ. ಆಕೆ ರೂಢಿಯಂತೆ ಎರಡು ಪಟ್ಟು ಹೇಳಿದಳು. ಕೇಳಿದಷ್ಟು ಕೊಟ್ಟೆ, ಹಣ್ಣು ವಸ್ತ್ರಕ್ಕೆ ಸುರಿದುಕೊಂಡೆ, ಹೊರಟೆ.

"ಯಪ್ಪಾ ಬಸಪ್ಪಾ" ಎಂದು ಹಿಂದಿನಿಂದ ಕರೆದಳು. "ಆರಾಮ ಅದೀಯಿಲ್ಲೋ?"

"ಅದೀನಿ. ಯಾಕವ್ವಾ?"

ಮುದುಕಿ ನನ್ನನ್ನು ರುಮಾಲಿನಿಂದ ಅಂಗಾಲಿನ ತನಕ ನೋಡಿದಳು. ಬುಟ್ಟಿಯ ತಳದಿಂದ ಎರಡು ಹಣ್ಣು ತೆಗೆದು ತಾನೇ ಕಲ್ಲಿನ ಮೇಲೆ ಬಿಟ್ಟು ಪರೀಕ್ಷಿಸಿ ನನ್ನ ವಸ್ತ್ರಕ್ಕೆ ಹಾಕಿದಳು. "ಇವು ಛಲೋ ಅದಾವು. ಆಕಿಗೆ ಕೊಡು."

"ಯಾರಿಗೆ?"

"ಯಾರಿಗರ ಕೊಡು ತಗೋ. ನನಗೇನ ಗೊತ್ತು?" ಎಂದು ನೊಣ ಹೊಡೆಯುತ್ತ ಅತ್ತ ಮುಖ ತಿರುಗಿಸಿದಳು.

ಮರುಸಂತೆಗೆ ಹೋದರೆ ಲೋಕವೇ ಬದಲಾಗಿತ್ತು. ಬೆಲ್ಲದಂಗಡಿಯ ಚನ್ನಪ್ಪ ತೂಕ ಮುಗಿದ ಮೇಲೆ ಒಂದು ಹೆಂಟೆ ಹೆಚ್ಚಿಗೆ ಹಾಕಿ, ಕೇಳದೆಯೇ "ಹೊಸಾ ಬೆಲ್ಲ, ಹೊಟ್ಟಿಗೆ ತಂಪು" ಎಂದ. ಬೆಲ್ಲ ತಂಪಲ್ಲವೆಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಹುಣಸೆ ಮಾರುವಾಕೆ ನನ್ನನ್ನು ಕಂಡು ಸುಮ್ಮನೆ ನಕ್ಕಳು. ನಾನು ನೇರ ಬೇವಿನ ಬುಡಕ್ಕೆ ಹೋಗಿ, "ಎವ್ವಾ, ನಿನ್ನ ಕಾಲ ಬೀಳ್ತೀನಿ, ಯಾರ ಮುಂದೂ ಬಾಯಿ ಬಿಡಬ್ಯಾಡ. ಆಕಿ ಭಾಳ ಅಂಜ್ಯಾಳ" ಎಂದು ನೀಲವ್ವನ ಅಕ್ಕನ ಸಂಗತಿಯನ್ನೂ ಹೇಳಿದೆ.

ಫಕೀರವ್ವ ಎದ್ದು ನಿಂತಳು. "ನಾ ಎಲ್ಲಿ ಬಾಯಿ ಬಿಟ್ಟೆ? ನೀನ ಬಿಟ್ಟಿ. ಕೊಪ್ಪಳ ಸಂತ್ಯಾಗ ದಲಾಲಿ ಬಸಪ್ಪ ಕೇಳಿದಷ್ಟು ಕೊಟ್ಟ ಹೋದಾ ಅಂದ್ರ ಡಂಗುರ ಹೊಡಿಸಿದಂಗ ಆತಲ್ಲೋ! ಇಲ್ಲಿ ಮಂದಿಗೆ ಕಣ್ಣ ಇಲ್ಲೇನು?" ಆಮೇಲೆ ದನಿ ತಗ್ಗಿಸಿ, "ಆ ಹುಡಿಗಿ ಕಿವಿಗೆ ಬೀಳದಂಗ ನಾ ನೋಡ್ಕೋತೀನಿ. ಆದ್ರ ನೀ ಮೊದಲಿನಂಗ ಜಗಳಾಡಬೇಕು. ಮೆತ್ತಗ ಮಾತಾಡಿದೆಂದ್ರ ಉಳದ ಮಂದೀನೂ ತಿಳ್ಕೋತಾರ" ಎಂದಳು.

ಹೀಗೆ ಆರಂಭವಾದ ನಾಟಕದಷ್ಟು ಸೊಗಸಾದದ್ದನ್ನು ನಾನು ಬೇರೆ ಕಂಡಿಲ್ಲ. ನಾಲ್ಕನೆಯ ತಿಂಗಳಲ್ಲಿ ನೀಲವ್ವ ಮನೆಯೊಳಗೆ ಕೂತು ಬೇಸತ್ತು, ಸೆರಗನ್ನು ಮೈತುಂಬ ಹೊದ್ದು, ತಾನೂ ಸಂತೆಗೆ ಬರುವೆನೆಂದಳು. ನಾವಿಬ್ಬರೂ ದೂರದಲ್ಲಿ ಕಾಣಿಸಿದ್ದೇ ತಡ, ಫಕೀರವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಇದಕ್ಕ ಇಷ್ಟ ರೇಟ? ಕಲ್ಲ ಮಾರಾಕತ್ತೀ ಏನಬೇ ಮುದುಕಿ?" ಎಂದೆ ನಾನು.

"ಕಲ್ಲೋ ಹಣ್ಣೋ ನಿನ್ನ ತಲೀ ಮ್ಯಾಲ ಒಡದ ತೋರಸ್ತೀನಿ ಬಾ!"

"ಅರ್ಧಕ್ಕ ಕೊಡು."

"ಅರ್ಧಕ್ಕ ನೀ ಎತ್ತ ಕೊಡ್ತೀ ಏನ? ಕುಂಟ ಎತ್ತಿಗೆ ಕುದರಿ ರೇಟ ಹೇಳಾಂವಾ!"

ಬೆಲ್ಲದ ಚನ್ನಪ್ಪ ಅಂಗಡಿಯಿಂದಲೇ, "ಈ ಬಸಪ್ಪನ ಕಾಟಕ್ಕ ನಾ ಅಂಗಡಿ ಮುಚ್ಚಿ ಕಾಶಿಗೆ ಹೊಕ್ಕೀನಿ" ಎಂದು ದನಿಗೂಡಿಸಿದ. ಇಷ್ಟೆಲ್ಲ ಬೈಗಳದ ನಡುವೆ ಮುದುಕಿಯ ಬಲಗೈ ಮಾತ್ರ ತನ್ನ ಪಾಡಿಗೆ ತಾನು ಒಳ್ಳೊಳ್ಳೆಯ ಹಣ್ಣನ್ನು ಆರಿಸಿ ನೀಲವ್ವನ ಚೀಲಕ್ಕೆ ಇಳಿಸುತ್ತಿತ್ತು. ಬೆರಳಿಗೂ ಬಾಯಿಗೂ ಸಂಬಂಧವಿಲ್ಲದಂತೆ ವರ್ತಿಸುವುದು ನನ್ನೊಬ್ಬನ ವಿದ್ಯೆಯೆಂದು ನಾನು ತಿಳಿದಿದ್ದೆ. ಆ ಗರ್ವ ಅಂದು ಇಳಿಯಿತು.

ಮನೆಗೆ ಬಂದು ಚೀಲ ಸುರಿದ ನೀಲವ್ವ, "ಪಾಪ, ಮುದುಕಿ ಕೂಡ ಅಷ್ಟ್ಯಾಕ ಜಗಳಾಡ್ತೀರಿ? ನಿಮ್ಮ ಗದ್ದಲದಾಗ ಎಣಿಕಿ ತಪ್ಪಿ ಮೂರ ಹೆಚ್ಚಿಗಿ ಹಾಕ್ಯಾಳ. ಹೋಗಿ ಕೊಟ್ಟ ಬರ್ರಿ" ಎಂದು ನನ್ನನ್ನು ಓಡಿಸಿದಳು. ಕೊಡಲು ಹೋದರೆ ಫಕೀರವ್ವ ಕೆಂಡವಾದಳು: "ವಾಪಸ ತಂದ್ಯಾ? ಹಂಗಾರ ಮುಂದಿನ ಸಂತಿಗೆ ಆರ ಹಾಕ್ತೀನಿ." ಆ ಮೂರು ಹಣ್ಣನ್ನು ನಾನು ದಾರಿಯಲ್ಲೇ ನಿಂತು ತಿಂದು ಮುಗಿಸಬೇಕಾಯಿತು. ಗಂಡಸರಿಗೂ ಬಯಕೆಯಾಗುತ್ತದೆಂದು ಯಾರಾದರೂ ನೋಡಿ ತಿಳಿದಿದ್ದರೆ ಅದಕ್ಕೆ ಕಾರಣ ಇದು.

ನಗುವಿನ ಕೆಳಗೆ ಒಂದು ಮುಳ್ಳು ಮಾತ್ರ ಚುಚ್ಚುತ್ತಲೇ ಇತ್ತು. ದಿನವೂ ನಾನು ಮನೆಗೆ ಬಂದು ಕಾಲು ತೊಳೆಯುವಾಗ ನೀಲವ್ವ ತಂಬಿಗೆ ಹಿಡಿದು ನಿಂತು, "ಯಾರಿಗೂ ಗೊತ್ತಾಗಿಲ್ಲಲ್ರಿ?" ಎಂದು ಕೇಳುವಳು. "ಇಲ್ಲ" ಎಂದು ನಾನು ಕಾಲನ್ನೇ ನೋಡುತ್ತ ಹೇಳುವೆನು. ಆಗ ಆಕೆ ಬಿಡುವ ಉಸಿರು ನನಗೆ ಕೇಳಿಸುತ್ತಿತ್ತು. ನಿಜ ತಿಳಿದರೆ ಈ ಹೆಂಗಸಿಗೆ ಏನಾದೀತು ಎಂಬ ಚಿಂತೆಯಲ್ಲಿ ನಾನು ಆ ಚಳಿಗಾಲದಲ್ಲಿ ಎರಡು ಜೋಡಿ ಎತ್ತನ್ನು ತಪ್ಪು ಬೆಲೆಗೆ ಮಾರಿಸಿದೆ.

ಪುಷ್ಯ ಕಳೆದು ಮಾಘ ಬಂತು. ಐದು ತುಂಬಿತ್ತು. ಹನುಮಸಾಗರದಿಂದ ಅತ್ತೆ ಮಾವ ಹಸಿರು ಸೀರೆ, ಹಸಿರು ಕುಬುಸ, ಹಸಿರು ಬಳೆ, ಐದು ಬಗೆಯ ಉಂಡೆ ಕಟ್ಟಿಕೊಂಡು ಗಾಡಿಯಲ್ಲಿ ಬಂದಿಳಿದರು. ಈಗ ಎಲ್ಲರಿಗೂ ಹೇಳಬಹುದೆಂಬ ಸಂಭ್ರಮದಲ್ಲಿ ನೀಲವ್ವ ತಾನೇ ತಾಯಿಯೊಡನೆ ಕುಂಕುಮದ ಬಟ್ಟಲು ಹಿಡಿದು ಸಂತೆಯ ಹೆಂಗಸರನ್ನು ಕರೆಯಲು ಹೋದಳು. ಫಕೀರವ್ವ ಗಲ್ಲದ ಮೇಲೆ ಕೈಯಿಟ್ಟು, ಬೇವಿನ ಬುಡಕ್ಕೇ ಕುಸಿದು, "ಹೌದನಬೇ ಯವ್ವಾ! ನಿನ್ನ ಗಂಡ ಒಂದ ಮಾತರ ಆಡ್ಯಾನೇನ ನೋಡು!" ಎಂದಳಂತೆ. ನೀಲವ್ವ ಮನೆಗೆ ಬಂದು ನನ್ನನ್ನು ಬಾಯ್ತುಂಬ ಹೊಗಳಿದಳು. ನಾನು ಅಷ್ಟು ಕಷ್ಟದಿಂದ ಕೇಳಿದ ಹೊಗಳಿಕೆ ಬೇರೊಂದಿಲ್ಲ.

ಕುಬುಸದ ದಿನ ನಡುಮನೆಯ ತುಂಬ ಹೆಂಗಸರು. ನಾನು ಬಾಗಿಲ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದೆ. ಉಡಿ ತುಂಬಿ, ಆರತಿಯಾದ ಮೇಲೆ ಫಕೀರವ್ವ ಕಂಕುಳಿನಿಂದ ಒಂದು ಗಂಟು ತೆಗೆದು ಬಿಚ್ಚಿದಳು. ಕೂಸಿನ ಕೌದಿ. ಸಂತೆಯ ಹೆಂಗಸರೆಲ್ಲ ತಮ್ಮ ತಮ್ಮ ಹಳೆಯ ಸೀರೆಯ ಮೆತ್ತನೆಯ ತುಂಡುಗಳನ್ನು ಕೊಟ್ಟು, ಅಂಗೈಯಗಲದ ಚೌಕಗಳನ್ನು ಕೂಡಿಸಿ, ಜೋಳದ ಕಾಳಿನಷ್ಟು ಸಣ್ಣ ಹೊಲಿಗೆಯಲ್ಲಿ ಸಾಲು ಸಾಲಾಗಿ ಹೊಲಿದದ್ದು. ನೀಲವ್ವ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸಿದಳು. ಒಕ್ಕಲುತನದ ಮನೆಯಲ್ಲಿ ಬೆಳೆದವಳು. ಕೌದಿಗೆ ಎಷ್ಟು ದಿನ ಹಿಡಿಯುತ್ತದೆಂಬುದು ಅವಳಿಗೆ ಹೇಳಿಕೊಡಬೇಕಿಲ್ಲ.

"ಇದನ್ನ ಯಾವಾಗ ಹಚ್ಚಿದ್ದೀ ಅವ್ವಾ?"

"ನಿನ್ನಿ" ಎಂದಳು ಫಕೀರವ್ವ, ಕಣ್ಣು ಮಿಟುಕಿಸದೆ.

"ನಿನ್ನಿನಾ?"

ಆಗ ಹುಣಸೆ ಮಾರುವಾಕೆ, ಎಲೆಯಡಿಕೆ ಮೆಲ್ಲುತ್ತಿದ್ದವಳು, "ಎಲ್ಲಿ ನಿನ್ನಿ? ಕಾರ್ತೀಕದಾಗ ಹಚ್ಚಿದ್ದಲ್ಲೇನ ನಾವು?" ಎಂದುಬಿಟ್ಟಳು. ಅಂದವಳೇ ಬಾಯಿ ಮುಚ್ಚಿಕೊಂಡಳು. ನೀಲವ್ವ ಬೆರಳು ಮಡಚಿ ತಿಂಗಳು ಎಣಿಸಿದಳು. ಬಾಗಿಲ ಕಡೆ ನೋಡಿದಳು. ನಾನು ಜಂತಿ ನೋಡಿದೆ.

"ಎಲ್ಲಾರಿಗೂ ಗೊತ್ತಿತ್ತು?"

"ಗೊತ್ತಿತ್ತವ್ವಾ" ಎಂದಳು ಫಕೀರವ್ವ ಮೆಲ್ಲಗೆ. "ಅವನ್ನ ಬೈಬ್ಯಾಡ. ಆಂವಾ ತುಟಿ ಬಿಚ್ಚಲಿಲ್ಲ. ಒಂದ ದಿನ ಬಂದಾ, ಬೆಳವಲಹಣ್ಣಿಗೆ ಕೇಳಿದಷ್ಟು ಕೊಟ್ಟಾ, ಹೋದಾ. ಅಷ್ಟ."

"ಇವರು?" ನೀಲವ್ವನ ದನಿ ಏರಿತು. "ಕೇಳಿದಷ್ಟು ಕೊಟ್ರು? ಇವರು?"

"ಹಣ್ಣ ಕಲ್ಲಿಗೂ ಬಿಡಲಿಲ್ಲವ್ವಾ."

ನೀಲವ್ವ ನನ್ನನ್ನು ನೋಡಿದ ಆ ನೋಟವನ್ನು ನಾನು ಯಾವ ಬೆಲೆಗೂ ಮಾರಲಾರೆ. ಊರಿಗೆಲ್ಲ ಗೊತ್ತಿತ್ತೆಂಬ ಸುದ್ದಿ ಅವಳ ಕಿವಿಯ ಬಳಿ ಎಲ್ಲೋ ನಿಂತೇ ಉಳಿಯಿತು. ಒಳಗೆ ಹೋದದ್ದು ಇದೊಂದೇ. ಮೊದಲು ತುಟಿ ಕಚ್ಚಿದಳು, ಆಮೇಲೆ ಕೌದಿಯಲ್ಲಿ ಮುಖ ಮುಚ್ಚಿಕೊಂಡು ಭುಜ ಕುಲುಕುವಂತೆ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಸುತ್ತ ಕೂತ ಒಬ್ಬೊಬ್ಬರ ಸೀರೆಯನ್ನೂ ನೋಡುತ್ತ, "ಇದು ಯಾರದು? ಈ ಕೆಂಪು ಯಾರದು?" ಎಂದು ಒಂದೊಂದು ಚೌಕದ ಒಡತಿಯನ್ನೂ ಕೇಳತೊಡಗಿದಳು. ಮೂರು ತಿಂಗಳು ಅವಳು ಹೆದರಿದ್ದ ಕಣ್ಣುಗಳೆಲ್ಲ ಆ ಮೂರು ತಿಂಗಳೂ ಸೂಜಿಗೆ ದಾರ ಪೋಣಿಸುತ್ತ ಕೂತಿದ್ದವು.

ಊಟ ಮುಗಿಯಿತು. ಮಧ್ಯಾಹ್ನದ ಬಿಸಿಲು ಅಂಗಳಕ್ಕೆ ಇಳಿದಿತ್ತು. ಹೆಣ್ಣೋ ಗಂಡೋ ಎಂದು ಹೆಂಗಸರು ಗಟ್ಟಿಯಾಗಿ ವಾದಿಸುತ್ತಿದ್ದರು. ಹೆಣ್ಣು ಎಂದವರೇ ಜ್ಯೇಷ್ಠದಲ್ಲಿ ಗೆದ್ದರು. ಆ ಗದ್ದಲದ ನಟ್ಟನಡುವೆ, ನೀಲವ್ವ ಕೌದಿಯನ್ನು ಮಡಚಿ ತಲೆಯ ಕೆಳಗಿಟ್ಟುಕೊಂಡು ಬರಿಯ ನೆಲದ ಮೇಲೆ ಒರಗಿದವಳು ಹಾಗೆಯೇ ನಿದ್ದೆ ಹೋದಳು. ಸೆರಗು ಜಾರಿ, ಹಸಿರು ಸೀರೆಯ ಕೆಳಗೆ ಹೊಟ್ಟೆ ದುಂಡಗೆ, ಎಲ್ಲರಿಗೂ ಕಾಣುವಂತೆ ಇತ್ತು. ಕೈಗಳು ಎರಡೂ ಪಕ್ಕಕ್ಕೆ ಸಡಿಲವಾಗಿ ಬಿದ್ದಿದ್ದವು. ಸೆರಗು ಸರಿಪಡಿಸಲೆಂದು ನಾನು ಒಳಗೆ ಕಾಲಿಟ್ಟರೆ ಫಕೀರವ್ವ ಬಾಯಿಯ ಮೇಲೆ ಬೆರಳಿಟ್ಟು, "ಇರಲಿ ಬಿಡೋ, ನಾವ ಅದೀವಿ" ಎಂದು ನನ್ನನ್ನು ಹೊರಗೆ ಕಳಿಸಿದಳು.