ಬೈಗುಳವಿಲ್ಲದ ವರ್ಷ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿ ಇದೆ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಜಾತಿ ಪ್ರಮಾಣಪತ್ರ, ಪಹಣಿ, ರೇಷನ್ ಕಾರ್ಡಿನ ತಿದ್ದುಪಡಿ ಎಲ್ಲವೂ ನನ್ನ ಕೈಯಿಂದಲೇ ಹೋಗುತ್ತವೆ. ಹೀಗಾಗಿ ನಮ್ಮ ಮನೆತನದಲ್ಲಿ ಯಾರಿಗೆ ಯಾವ ಕಾಗದ ಬೇಕಾದರೂ ನನ್ನ ತಲೆಗೇ ಕಟ್ಟುತ್ತಾರೆ. ನನ್ನ ಗಂಡನ ತಂಗಿ, ಗಂಡನ ತಮ್ಮನ ಮಗಳನ್ನು ದತ್ತು ತೆಗೆದುಕೊಂಡು ಆಸ್ಟ್ರೇಲಿಯಾಕ್ಕೆ ಕರೆದೊಯ್ಯುತ್ತೇನೆ ಎಂದಾಗಲೂ ಆದದ್ದು ಅದೇ.

ನಾದಿನಿಯ ಗಂಡ ಮೊದಲು ಸಂಡೂರಿನ ಗಣಿಯಲ್ಲಿ ದೊಡ್ಡ ಯಂತ್ರಗಳ ಮೆಕ್ಯಾನಿಕ್ ಆಗಿದ್ದ. ಅದೇ ಕೆಲಸ ಹಿಡಿದು ಆ ದೇಶದ ಗಣಿಗೆ ಹೋದ. ಅವರಿಗೆ ಮಕ್ಕಳಾಗಲಿಲ್ಲ. ಮಾಡಿಸದ ಚಿಕಿತ್ಸೆ ಇಲ್ಲ, ಹೊರದ ಹರಕೆ ಇಲ್ಲ. ಒಂದು ಬೇಸಿಗೆ ರಜೆಗೆ ಬಂದವಳು ತಂಬ್ರಹಳ್ಳಿಯಲ್ಲಿರುವ ನನ್ನ ಮೈದುನನ ಮನೆಗೆ ಹೋಗಿ, ಪಡಸಾಲೆಯಲ್ಲಿ ಅವನ ಹೆಂಡತಿ, ನನ್ನ ನೆಗೆಣ್ಣಿಯ ಮುಂದೆ ಸೆರಗೊಡ್ಡಿ ಕೂತುಬಿಟ್ಟಳು.

“ಅತ್ತಿಗಿ, ನಿನಗ ಮೂರು ಹೆಣ್ಣುಮಕ್ಕಳು ಅದಾವ. ಒಂದು ನನಗ ಕೊಡು. ಕಣ್ಣಾಗ ಇಟಗೊಂಡು ಸಾಕ್ತೀನಿ.”

ಮೈದುನನಿಗೆ ಹೊಲ ಇದೆ, ಕುರಿ ಇದ್ದಾವೆ. ಉಣ್ಣಲು ಉಡಲು ಕಡಿಮೆಯಾಗಿ ಕೊಡುವ ಪರಿಸ್ಥಿತಿ ಅಲ್ಲ. ಆದರೆ ಮನೆಮಗಳು ಸೆರಗೊಡ್ಡಿದರೆ ನಮ್ಮಲ್ಲಿ ಇಲ್ಲವೆನ್ನುವುದು ಕಷ್ಟ. ನೆಗೆಣ್ಣಿ ಒಂದು ದಿನ ಒಲೆ ಹಚ್ಚಲಿಲ್ಲ. ಮರುದಿನ ಹೂಂ ಎಂದಳು. ದೊಡ್ಡವಳು ಆಗಲೇ ಕೆಲಸಕ್ಕೆ ಕೈ ಹಚ್ಚುವಷ್ಟು ಬೆಳೆದಿದ್ದಳು, ಚಿಕ್ಕವಳು ಇನ್ನೂ ಸೊಂಟ ಬಿಟ್ಟು ಇಳಿದಿರಲಿಲ್ಲ. ನಡುವಿನವಳನ್ನು ಕೊಡುವುದೆಂದಾಯಿತು. ಅವಳಿಗೆ ಆಗ ಆರು ವರ್ಷ.

ಹಿರಿಯರನ್ನು ಕರೆದು, ನಾದಿನಿಗೆ ಹಸಿರು ಸೀರೆ ಉಡಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿ, ಅದರ ಮೇಲೆ ಮಗುವನ್ನು ಕೂರಿಸಿದರು. ಬಂದವರೆಲ್ಲ ಹೋಳಿಗೆ ಉಂಡರು. ಮೈದುನನ ಮನೆಯಲ್ಲೇ ಇರುವ ನಮ್ಮ ಅತ್ತೆಯ ಪ್ರಕಾರ ಅಲ್ಲಿಗೆ ದತ್ತು ಮುಗಿಯಿತು. ನಾನು ಕೊಟ್ಟೂರಿಗೆ ಹೊರಟಾಗ ಪಾಸ್‌ಪೋರ್ಟ್ ಒಂದನ್ನು ‘ಹಾಕಿಬಿಡು’ ಎಂದು ನನಗೆ ಹೇಳಿದರು.

ನಾನು ನಕ್ಕೆ. ಆಮೇಲೆ ಕೂತು ದತ್ತಿನ ನಿಯಮಗಳನ್ನು ಓದಿದಾಗ ನಗು ಹೋಯಿತು. ಉಡಿಯಲ್ಲಿ ಕೂರಿಸಿದ್ದನ್ನು ವಿಮಾನ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ. ಆಸ್ಟ್ರೇಲಿಯಾದ ದತ್ತು ಸಂಸ್ಥೆಯವರು ನಾದಿನಿಯ ಮನೆಗೆ ಬಂದು ಕೋಣೆ ನೋಡಬೇಕು, ಸಂಬಳ ನೋಡಬೇಕು, ಗಂಡ ಹೆಂಡತಿಯ ಆರೋಗ್ಯ ಮತ್ತು ಪೊಲೀಸ್ ದಾಖಲೆ ನೋಡಬೇಕು, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಯಾಕೆ ಮಗು ಬೇಕು ಎಂದು ಕೇಳಬೇಕು. ಆ ದೇಶದ ಸರ್ಕಾರ ಮಗುವನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ ಎಂದು ಬರೆದುಕೊಡಬೇಕು. ಇಲ್ಲಿ, ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ತಂಬ್ರಹಳ್ಳಿಗೆ ಬಂದು ಹೆತ್ತವರ ಸಂಸಾರದ ವರದಿ ಬರೆಯಬೇಕು. ಅದು ದೆಹಲಿಯ ದತ್ತು ಪ್ರಾಧಿಕಾರಕ್ಕೆ ಹೋಗಬೇಕು, ಜಿಲ್ಲಾಧಿಕಾರಿಯ ಆದೇಶ ಆಗಬೇಕು, ಪಾಸ್‌ಪೋರ್ಟ್ ಅದರ ನಂತರದ ಮಾತು. ಮಗು ಹೋದ ಮೇಲೂ ಎರಡು ವರ್ಷ ಹೇಗಿದೆಯೆಂದು ಅಲ್ಲಿಂದ ವರದಿ ಬರುತ್ತಿರಬೇಕು. ಹೆತ್ತವರಿಬ್ಬರೂ ಒಪ್ಪಿಗೆ ಕೊಡಬೇಕು. ಐದು ವರ್ಷ ದಾಟಿದ್ದರಿಂದ ಮಗುವಿನ ಒಪ್ಪಿಗೆಯೂ ಬೇಕು.

ಈ ಕೊನೆಯದನ್ನು ಓದಿ ಹೇಳಿದಾಗ ನಮ್ಮ ಅತ್ತೆ ಎಲೆಅಡಿಕೆ ಉಗುಳಿ ಬಂದು ಕೇಳಿದರು: “ಆ ಹುಡುಗೀನ ಏನ ಕೇಳ್ತಾರ? ಅದಕ್ಕೇನ ತಿಳೀತೈತಿ?”

ರಜೆ ಮುಗಿಸಿ ನಾದಿನಿ ಒಬ್ಬಳೇ ಹೋದಳು. ಮಗು ಹುಟ್ಟಿದ ಮನೆಯಲ್ಲೇ ಉಳಿಯಿತು. ಆದರೆ ಅದು ಕೊಟ್ಟ ಮಗು. ಅತ್ತೆ ಕಟ್ಟಪ್ಪಣೆ ಮಾಡಿದರು: “ಇಕಿ ಇನ್ಮ್ಯಾಲೆ ನನ್ನ ಮಗಳ ಮಗಳು. ಯಾರೂ ಬೈಬಾರ್ದು, ಕೈ ಮಾಡಬಾರ್ದು. ನಾಳೆ ಇನ್ನೊಬ್ಬರ ಮಗಳಿಗೆ ಹಿಂಗ ಮಾಡಿದ್ರಿ ಅನ್ನೋ ಮಾತು ಬರಬಾರ್ದು.”

ಅಂಗಡಿಗೆ ರಜೆ ಇದ್ದಾಗ ಕಾಗದಗಳಿಗೆ ಸಹಿ ಹಾಕಿಸಲು ನಾನು ತಂಬ್ರಹಳ್ಳಿಗೆ ಹೋಗುತ್ತಿದ್ದೆ. ಅಕ್ಕತಂಗಿ ಇಬ್ಬರೂ ನೆಲದ ಮೇಲೆ ಉಣ್ಣುತ್ತಿದ್ದರೆ ಇವಳಿಗೆ ಚಾಪೆ. ಬಂದವರಿಗೆ ಇಡುವ ದೊಡ್ಡ ಸ್ಟೀಲ್ ತಟ್ಟೆ ಇವಳಿಗೆ, ಬಿಸಿ ರೊಟ್ಟಿ ಮೊದಲು ಇವಳಿಗೆ. ಕಸ ಹೊಡೆಯುವುದಿಲ್ಲ, ನೀರು ತರುವುದಿಲ್ಲ, ಕುರಿಮರಿಗೆ ಸೊಪ್ಪು ಹಾಕಲು ಹೋದರೆ “ನೀ ಕುಂದ್ರವ್ವ, ಅಕ್ಕ ಹಾಕ್ತಾಳ” ಎಂದು ತಾಯಿ ಕರೆದು ಕೂರಿಸುತ್ತಿದ್ದಳು. ಅಕ್ಕನಿಗೆ ಹೊಟ್ಟೆಯುರಿ. ನನಗೂ ಅನ್ನಿಸಿತ್ತು, ಆಸ್ಟ್ರೇಲಿಯಾ ಇಲ್ಲೇ ಬಂದುಬಿಟ್ಟಿದೆಯಲ್ಲ ಇವಳಿಗೆ ಎಂದು.

ಒಂದು ಭಾನುವಾರ ನಾನು ಕಟ್ಟೆಯ ಮೇಲೆ ಕೂತಿದ್ದೆ. ಹುಡುಗಿ ಅಡುಗೆಮನೆಯಿಂದ ಹಾಲಿನ ಪಾತ್ರೆ ತಂದು, ಪಡಸಾಲೆಯ ನಡುವೆ ನಿಂತು, ತಾಯಿಯನ್ನೇ ನೋಡುತ್ತಾ ನಿಧಾನವಾಗಿ ನೆಲಕ್ಕೆ ಸುರಿದಳು. ಸುರಿದು, ಪಾತ್ರೆ ಹಿಡಿದು ಹಾಗೇ ನಿಂತಳು. ನೆಗೆಣ್ಣಿಯ ಮುಖ ಕೆಂಪಾಯಿತು. ಬಾಯಿ ತೆರೆದಳು, ಅತ್ತೆ ಕೂತಿದ್ದ ಕಡೆ ನೋಡಿದಳು, ಬಾಯಿ ಮುಚ್ಚಿಕೊಂಡಳು. ಬಟ್ಟೆ ತಂದು ನೆಲ ಒರೆಸತೊಡಗಿದಳು. ಅಷ್ಟರಲ್ಲಿ ಒಳಗೆ ಬಂದ ದೊಡ್ಡ ಮಗಳು ತಿಳಿಯದೆ ಹಾಲು ತುಳಿದಳು. “ಕಣ್ಣು ಎಲ್ಲಿ ಇಟ್ಟೀಯಲೇ, ಕತ್ತೀ!” ಎಂದು ಎಲ್ಲ ಸಿಟ್ಟೂ ಅವಳ ಮೇಲೆ ಹೋಯಿತು. ಹಾಲು ಚೆಲ್ಲಿದವಳು ಅಕ್ಕನನ್ನು ನೋಡುತ್ತಾ ನಿಂತೇ ಇದ್ದಳು. ಪೀಡೆ ಹುಡುಗಿ, ಮುದ್ದು ಹೆಚ್ಚಾಗಿದೆ ಎಂದುಕೊಂಡು ನಾನು ಬಸ್ಸು ಹಿಡಿದೆ.

ವರ್ಷ ಕಳೆಯುತ್ತಾ ಬಂದಾಗ ಹೊಸಪೇಟೆಯ ಮಕ್ಕಳ ರಕ್ಷಣಾ ಘಟಕದಿಂದ ಅಧಿಕಾರಿ ಬಂದರು. ದಾವಣಗೆರೆ ಕಡೆಯ ಹೆಣ್ಣುಮಗಳು, ಹೆಚ್ಚು ಮಾತಿಲ್ಲ. ಮನೆ ನೋಡಿದರು, ಮೈದುನ ಮತ್ತು ನೆಗೆಣ್ಣಿಯನ್ನು ಕೇಳಬೇಕಾದ್ದು ಕೇಳಿದರು. ಯಾರ ಒತ್ತಾಯವೂ ಇಲ್ಲ, ಯಾರಿಂದಲೂ ಏನೂ ತೆಗೆದುಕೊಂಡಿಲ್ಲ ಎಂದು ಇಬ್ಬರೂ ಹೇಳಿದರು. ಆಮೇಲೆ ಮಗುವಿನ ಹತ್ತಿರ ಮಾತಾಡಬೇಕು, ಹೆತ್ತವರೂ ಅಜ್ಜಿಯೂ ಹೊರಗಿರಲಿ ಎಂದರು. ಹುಡುಗಿ ನನ್ನ ಸೆರಗು ಹಿಡಿದಿದ್ದಳು. ದೊಡ್ಡವ್ವ ಇರಲಿ, ಆದರೆ ಮಾತಾಡಬಾರದು ಎಂದು ನನ್ನನ್ನು ಮೂಲೆಗೆ ಕೂರಿಸಿದರು.

“ಆಸ್ಟ್ರೇಲಿಯಾದ ಅತ್ತೆ ಜೊತೆ ಹೋಗೋಕೆ ನಿಂಗೆ ಇಷ್ಟ ಐತೇನಮ್ಮಾ?”

“ಹೂಂ ರಿ.”

ನನಗೆ ಹಗುರವಾಯಿತು. ಒಂದು ವರ್ಷದ ಓಡಾಟ ಸಾರ್ಥಕವಾಯಿತು ಎಂದುಕೊಂಡೆ. ಅಧಿಕಾರಿ ಮಾತ್ರ ಬರೆಯಲಿಲ್ಲ.

“ಯಾಕೆ ಇಷ್ಟ?”

ಹುಡುಗಿ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಅವಳೇ ಕೇಳಿದಳು: “ಅಲ್ಲಿ ಹೋದ್ರ ಬೈತಾರೇನ್ರಿ?”

ಪಾಪ, ಮಗು ಹೆದರಿದೆ ಎಂದು ಅವರು ತಿಳಿದರು. ನಾನೂ ಹಾಗೇ ತಿಳಿದೆ. “ಇಲ್ಲಮ್ಮಾ, ಯಾರೂ ಬೈಯಲ್ಲ,” ಎಂದರು.

ಹುಡುಗಿಯ ಮುಖ ಇಳಿಯಿತು. “ಅಲ್ಲೂ ಬೈಯಂಗಿಲ್ಲ?” ಎಂದಳು. ಕಣ್ಣು ತುಂಬಿಕೊಂಡವು. “ಅವ್ವ ಅಕ್ಕಗ ಬೈತಾಳ್ರಿ. ತಂಗಿಗೂ ಬೈತಾಳ. ನಾ ಹಾಲು ಚೆಲ್ಲಿದ್ರೂ ಬೈಯಂಗಿಲ್ಲ, ಕನ್ನಡಿ ಒಡದ್ರೂ ಬೈಯಂಗಿಲ್ಲ. ನಾ ಅವ್ವನ ಮಗಳಲ್ಲಂತ. ಅತ್ತೀನಾರ ಬೈತಾಳ ಅನಕೊಂಡಿದ್ದೆ.”

ಮೂಲೆಯಲ್ಲಿ ಕೂತ ನನಗೆ ಆ ಹಾಲಿನ ಪಾತ್ರೆ ನೆನಪಾಯಿತು.

ಅಧಿಕಾರಿ ಮಗುವನ್ನು ಆಡಲು ಕಳಿಸಿ ಹೆತ್ತವರನ್ನು ಕರೆದರು. ಮಗು ಆಡಿದ ಮಾತನ್ನು ಹೆಚ್ಚಿಸದೆ, ಕಡಿಮೆ ಮಾಡದೆ ಹೇಳಿದರು. ಒಪ್ಪಿಗೆ ಕೊಡುವುದೂ ಬಿಡುವುದೂ ನಿಮಗೆ ಸೇರಿದ್ದು ಎಂದರು. ಮೈದುನ ನೆಲ ನೋಡುತ್ತಾ ನಿಂತ. ನೆಗೆಣ್ಣಿ ಬಾಗಿಲಾಚೆ ಆಡುತ್ತಿದ್ದ ಮಗಳನ್ನು ನೋಡಿದಳು. ಆಮೇಲೆ ಕೈ ಮುಗಿದಳು.

“ನಾ ಸಹಿ ಮಾಡಂಗಿಲ್ರಿ ಮೇಡಮ್ಮಾರ. ನನ್ನ ಮಗಳು ನನಗ ಇರ್ಲಿ.”

ಹೊರಗಿನಿಂದಲೇ ಕೇಳಿಸಿಕೊಂಡ ಅತ್ತೆ ಒಳಗೆ ನುಗ್ಗಿದರು. “ಉಡಿಯಾಗ ಹಾಕಿದ್ದು ತಿರುಗಿ ತಗೋತಾರೇನು? ಮನಿತನದ ಮರ್ಯಾದಿ ಏನಾಗಬೇಕು?”

“ನಿಮ್ಮ ಮಗಳ ಕಾಲು ಹಿಡಕೊಂತೀನಿ ಅತ್ತಿ. ನಾನೇ ಹಿಡಕೊಂತೀನಿ. ಕೂಸು ಮಾತ್ರ ಕೊಡಂಗಿಲ್ಲ.” ನೆಗೆಣ್ಣಿ ಅತ್ತೆಗೆ ಎದುರಾಡಿದ್ದನ್ನು ನಾನು ಕಂಡದ್ದು ಅಂದೇ.

ಕಾಲು ಹಿಡಿಯಲು ನಾದಿನಿ ಹತ್ತಿರ ಇರಲಿಲ್ಲ, ಫೋನಿನಲ್ಲಿ ಹೇಳಬೇಕಾಯಿತು. ಹೇಳಿದವಳು ನಾನು. ಅವಳು ಅಲ್ಲಿ ಕೋಣೆಗೆ ಬಣ್ಣ ಹೊಡೆಸಿದ್ದಳು, ಮಂಚ ತಂದಿದ್ದಳು, ಶಾಲೆ ನೋಡಿಟ್ಟಿದ್ದಳು. ಪೂರ್ತಿ ಕೇಳಿ ಫೋನ್ ಇಟ್ಟಳು, ಬಹಳ ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅವಳದು ತಪ್ಪಿಲ್ಲ. ತಪ್ಪು ಯಾರದೆಂದು ಹುಡುಕಿದರೆ ಅತ್ತೆಯದೂ ಅಲ್ಲ, ಅವರು ಮಗುವಿಗೆ ಮರ್ಯಾದೆ ಕೊಡಿಸಿದ್ದರು ಅಷ್ಟೇ. ಈಚೆಗೆ ನಾದಿನಿಯೇ ಫೋನ್ ಮಾಡಿ, ಹೆತ್ತವರಿಲ್ಲದ ಮಗುವಿಗಾಗಿ ಹೊಸದಾಗಿ ಹೆಸರು ಬರೆಸುತ್ತೇನೆ, ಇಲ್ಲಿಯ ಕಾಗದಗಳನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದಳು. ನೋಡಿಕೊಳ್ಳುತ್ತಿದ್ದೇನೆ. ಸರದಿ ಉದ್ದವಿದೆ.

ಅಧಿಕಾರಿ ಬಂದು ಹೋದ ನಂತರ ನಾನು ತಂಬ್ರಹಳ್ಳಿಗೆ ಮತ್ತೆ ಹೋದದ್ದು, ಉಳಿದ ಮೂಲ ಕಾಗದಗಳನ್ನು ಹಿಂತಿರುಗಿಸಲು. ಸಂಜೆಯಾಗಿತ್ತು. ಹುಡುಗಿ ಕುರಿಗಳ ಹಿಂದೆ ಬರಿಗಾಲಲ್ಲಿ ಬಂದಳು, ಲಂಗದ ತುಂಬ ಮುಳ್ಳು, ಮೊಣಕಾಲಲ್ಲಿ ರಕ್ತ. ನೆಗೆಣ್ಣಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಎಲ್ಲಿ ಹಾಳಾಗಿ ಹೋಗಿದ್ದಿಲೇ ಇಷ್ಟೊತ್ತು? ಚಪ್ಪಲಿ ಎಲ್ಲಿ ಒಗದು ಬಂದಿ? ಇನ್ನೊಮ್ಮಿ ಬರಿಗಾಲಾಗ ಹೊಲಕ್ಕ ಹೋಗು, ಕಾಲು ಮುರದು ಮೂಲ್ಯಾಗ ಕುಂದ್ರಸ್ತೀನಿ!”

ಹುಡುಗಿ ಅಲ್ಲಾಡದೆ ನಿಂತು ಕೊನೆಯ ಮಾತಿನ ತನಕ ಕೇಳಿದಳು. ಆಮೇಲೆ, ಕಸ ಹೊಡೆಯುತ್ತಿದ್ದ ಅಕ್ಕನಿಗೆ ಅದೆಲ್ಲ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡಿದಳು.