ಮಗ ತಂದದ್ದು, ಸೊಸೆ ತಂದದ್ದು

ಮೂರು ವರ್ಷದಿಂದ ನಮ್ಮದು ಎರಡು ಊರಿನ ಸಂಸಾರ. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ವಿಜಯವಾಡದಲ್ಲಿ ಕೂರಿಸಿದರು. ಗಂಡನಿಗೆ ವಿಶಾಖಪಟ್ಟಣದ ಔಷಧ ಕಾರ್ಖಾನೆಯಲ್ಲಿ ಕೆಲಸ. ಶನಿವಾರ ರೈಲು ಹತ್ತಿ ಬರುತ್ತಾರೆ, ಭಾನುವಾರ ಸಂಜೆ ಹೊರಡುತ್ತಾರೆ. ಅತ್ತೆ ನನ್ನ ಜೊತೆ ಇರುತ್ತಾರೆ.

ಅತ್ತೆಗೆ ಬಿಪಿ, ಸಕ್ಕರೆ, ಥೈರಾಯ್ಡ್ ಮೂರೂ ಉಂಟು. ತಿಂಗಳಿಗೊಮ್ಮೆ ಆಟೋನಗರ್ ರಸ್ತೆಯ ಔಷಧದಂಗಡಿಯಿಂದ ಮಾತ್ರೆ ತರುವುದು ನನ್ನ ಪಾಲಿನ ಕೆಲಸ. ಅಂಗಡಿ ನಡೆಸುವಾಕೆ ಹೆಚ್ಚುಕಡಿಮೆ ನನ್ನ ವಯಸ್ಸಿನವರು, ಮಾತು ಕಡಿಮೆ. ಅವರ ಹತ್ತಿರ ಉದ್ದನೆಯ ನೋಟ್‌ಬುಕ್ಕೊಂದಿದೆ, ಅದರಲ್ಲಿ ಮನೆಗೊಂದು ಪುಟ. ಖಾಲಿಯಾದ ಸ್ಟ್ರಿಪ್ ತಂದುಕೊಟ್ಟರೆ ಹೆಸರಿರುವ ತುಂಡನ್ನು ಕತ್ತರಿಸಿ ಆ ಪುಟಕ್ಕೆ ಅಂಟಿಸುತ್ತಾರೆ. ಮಾತ್ರೆ ಮುಗಿಯಲು ಎರಡು ದಿನ ಇರುವಾಗ ತಪ್ಪದೆ ಫೋನ್ ಮಾಡುತ್ತಾರೆ. ಅವರ ತೆಲುಗನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಒಂದೇ ಕಿರಿಕಿರಿ. ಮೂರು ತಿಂಗಳಿಗೊಮ್ಮೆ, "ಮೇಡಂ ಗಾರು, ಮನೆಯಲ್ಲಿರೋ ಮಾತ್ರೆ ಡಬ್ಬಿ ಪೂರ್ತಿ ತನ್ನಿ, ಅಮ್ಮನವರನ್ನೂ ಕರ್ಕೊಂಡು ಬನ್ನಿ" ಅನ್ನುತ್ತಿದ್ದರು. ಎಲ್ಲ ಗಿರಾಕಿಗಳಿಗೂ ಇದೇ ನಿಯಮವಂತೆ. ನಾನು ಎರಡು ಸಲ ಹೂಂ ಅಂದು ಜಾರಿಕೊಂಡೆ. ಮೂರನೇ ಸಲ ರೇಗಿಹೋಯಿತು.

"ಡಾಕ್ಟರ ಚೀಟಿ ನಿಮ್ಮ ಹತ್ರಾನೇ ಇದೆ, ಪುಟಾನೂ ನಿಮ್ಮ ಹತ್ರಾನೇ ಇದೆ. ಇನ್ನು ಡಬ್ಬಿ ಯಾಕೆ? ಕೆವೈಸಿ ಮಾಡೋದು ನಮ್ಮ ಬ್ಯಾಂಕಲ್ಲಿ, ಮೆಡಿಕಲ್ ಶಾಪಲ್ಲಲ್ಲ" ಅಂದುಬಿಟ್ಟೆ.

"ಪರವಾಗಿಲ್ಲ ಮೇಡಂ ಗಾರು, ಈ ವಾರದಲ್ಲಿ ಯಾವಾಗಾದ್ರೂ ತನ್ನಿ" ಅಂದರು. ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ನಿಜ ಹೇಳಬೇಕೆಂದರೆ ನನ್ನ ಸಿಟ್ಟಿನ ಬೇರು ಮನೆಯಲ್ಲಿತ್ತು. ಎರಡು ತಿಂಗಳಿಂದ ಅತ್ತೆ ಕಣ್ಣೆದುರೇ ಸೊರಗುತ್ತಿದ್ದರು. ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು, ಹತ್ತು ಗಂಟೆಗೇ ಗೋಡೆ ಹಿಡಿದು ನಡೆಯತೊಡಗಿದರು. ಎದ್ದು ನಿಂತರೆ ತಲೆ ತಿರುಗುವುದು. ಒಮ್ಮೆ ಬಚ್ಚಲಲ್ಲಿ ಬಿದ್ದರು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಮಗನ ಊರಿನ ಸಿಂಹಾಚಲಂ ನರಸಿಂಹನ ದರ್ಶನ ಮಾಡಬೇಕೆಂದು ವರ್ಷದಿಂದ ಮಗನ ಬೆನ್ನು ಬಿದ್ದಿದ್ದವರು, "ಇನ್ನ ಆಗೂದಿಲ್ಲವ್ವಾ, ವಯಸ್ಸಾತು. ಆ ನರಸಿಂಹ ಅಲ್ಲೇ ಇರಲಿ, ನಾ ಇಲ್ಲೇ ಇರ್ತೀನಿ" ಅಂದುಬಿಟ್ಟರು. ಅಂದು ನನಗೆ ಹೆದರಿಕೆಯಾಯಿತು. ಅತ್ತೆ ಕೈಬಿಟ್ಟು ಹೋಗುತ್ತಾರೆ ಅನ್ನಿಸಿತು. ತಲೆಯ ಸ್ಕ್ಯಾನ್ ಮಾಡಿಸೋಣವೆಂದು ಗಂಡನೂ ನಾನೂ ಮಾತಾಡಿಕೊಂಡಿದ್ದೆವು.

ಆ ಶುಕ್ರವಾರ ರಜೆ. ಈಕೆಯ ಕಾಟ ಒಮ್ಮೆ ತಪ್ಪಲಿ ಎಂದು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು, ಅವರ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೋದೆ. ಅಂಗಡಿಯಾಕೆ ಅತ್ತೆಗೆ ಕುರ್ಚಿ ಹಾಕಿದರು. ಡಬ್ಬಿಯನ್ನು ಕೌಂಟರ್ ಮೇಲೆ ಸುರಿದು, ಒಂದೊಂದೇ ಸ್ಟ್ರಿಪ್ಪನ್ನು ಪುಟದ ತುಂಡುಗಳ ಪಕ್ಕ ಇಡುತ್ತ ಹೋದರು. ಒಂದು ಉಳಿಯಿತು. ಗುಲಾಬಿ ಬಣ್ಣದ ಮಾತ್ರೆಗಳು, ಅವರ ಪುಟದಲ್ಲಿಲ್ಲದ ಹೆಸರು.

"ಇದು ನಾನು ಕೊಟ್ಟಿದ್ದಲ್ಲ" ಅಂದರು.

"ಅದು ನನ್ನ ಮಗಾ ತಂದದ್ದು" ಅಂದರು ಅತ್ತೆ, ತುಸು ಹೆಮ್ಮೆಯಿಂದಲೇ.

ಆಕೆ ಗುಲಾಬಿ ಸ್ಟ್ರಿಪ್ಪನ್ನೂ ನಾನು ಒಯ್ಯುತ್ತಿದ್ದ ಬಿಳಿ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನೂ ಬೋರಲು ಹಾಕಿ ನನ್ನ ಮುಂದೆ ತಳ್ಳಿದರು. ಮುಂಬದಿಯ ಹೆಸರು ಬೇರೆ, ಕಂಪನಿ ಬೇರೆ. ಹಿಂದೆ ಸಣ್ಣ ಅಕ್ಷರದಲ್ಲಿದ್ದ ಔಷಧ ಒಂದೇ, ಮಿಲಿಗ್ರಾಂ ಕೂಡ ಒಂದೇ.

ಆಮೇಲೆ ಅತ್ತೆಯ ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರ ನೋಡುತ್ತ ನಿಂತರು. ಪೂರ್ತಿ ಒಂದು ನಿಮಿಷ. "ನಲವತ್ತಾರು. ಅರವತ್ತರ ಮೇಲೆ ಇರಬೇಕು. ಈ ಮಾತ್ರೆ ಎದೆಬಡಿತ ನಿಧಾನ ಮಾಡುತ್ತೆ ಮೇಡಂ ಗಾರು. ಅಮ್ಮನವರು ದಿನಾ ಎರಡರಷ್ಟು ತಗೊಳ್ತಿದ್ದಾರೆ." ಅಷ್ಟು ಹೇಳಿ, ಚೀಟಿ ಬರೆದ ಡಾಕ್ಟರಿಗೆ ತಾವೇ ಫೋನ್ ಹಚ್ಚಿದರು.

ನಾಲ್ಕು ಗೋಡೆಯೊಳಗೆ ನಮಗೆ ಕಾಣದ್ದು ಈ ಹೆಂಗಸಿಗೆ ಕೌಂಟರಿನ ಆಚೆಯಿಂದ ಹೇಗೆ ಕಂಡಿತು? ಮಂತ್ರವಿಲ್ಲ, ಮಾಯವಿಲ್ಲ. ಒಂದು ಕತ್ತರಿ, ಸ್ವಲ್ಪ ಅಂಟು, ಬೈದರೂ ಬಿಡದೆ ಕೇಳುವ ಒಂದು ಮಾತು.

"ಎರಡೂ ಯಾಕೆ ತಗೊಂಡ್ರಿ ಅತ್ತಿ? ಒಂದು ಮಾತು ಕೇಳಬಾರದಿತ್ತಾ?" ಅಂದೆ.

"ಒಂದ ಮಗಾ ತಂದಾನ, ಒಂದ ಸೊಸಿ ತಂದಾಳ. ಯಾರದ ಬ್ಯಾಡ ಅನ್ನಲಿ?"

ನಡೆದದ್ದು ಇಷ್ಟು. ಮಾತ್ರೆ ಮುಗಿಯಲಿಕ್ಕೆ ಬಂತೆಂದು ಅತ್ತೆ ಎಂದೋ ಫೋನಿನಲ್ಲಿ ಮಗನಿಗೆ ಅಂದಿದ್ದರು. ಗಂಡ ಧಾರವಾಡದ ಹಳೆಯ ಚೀಟಿ ತೋರಿಸಿ ವಿಶಾಖಪಟ್ಟಣದಲ್ಲಿ ಕೊಂಡು ತಂದರು, ಆಮೇಲೆ ತಿಂಗಳು ತಿಂಗಳೂ ತಂದರು. ನನಗೆ ಗೊತ್ತಿದೆ ಅಂತ ಅವರು, ಅವರ ಕೈಚೀಲದಲ್ಲಿ ಮಿಠಾಯಿ ಬಿಟ್ಟರೆ ಏನಿರುತ್ತದೆ ಅಂತ ನಾನು. ದಿನವಿಡೀ ಮಾತ್ರೆ ಮಾಡಿಸುವ ಗಂಡ, ದಿನವಿಡೀ ಕಾಗದ ತಾಳೆ ನೋಡುವ ಹೆಂಡತಿ. ನಮ್ಮಿಬ್ಬರ ಜಾಣತನಕ್ಕೆ ಬೆಂಕಿ ಬೀಳಲಿ.

ಡಾಕ್ಟರು ಅಂದೇ ಇಸಿಜಿ ಮಾಡಿಸಿದರು. ಎರಡು ದಿನ ಆ ಮಾತ್ರೆ ನಿಲ್ಲಿಸಿ, ಮತ್ತೆ ಒಂದೇ ಕೊಡಲು ಹೇಳಿದರು. ಗುಲಾಬಿ ಮಾತ್ರೆ ತರುವುದು ಬೇಡವೆಂದು ಗಂಡನಿಗೆ ಹೇಳುತ್ತೇನೆ ಅಂದಾಗ ಅಂಗಡಿಯಾಕೆ ತಲೆಯಾಡಿಸಿದರು.

"ಹಾಗೆ ಹೇಳಬೇಡಿ ಮೇಡಂ ಗಾರು. ಮಗ ತಂದಿದ್ದನ್ನ ಅಮ್ಮನವರು ಮರೆಯಲ್ಲ, ತಪ್ಪಿಸಲ್ಲ. ಆ ಒಂದು ಅವರೇ ತರಲಿ, ನಾನು ಕೊಡಲ್ಲ. ಉಳಿದವು ನೀವು ಒಯ್ಯಿರಿ."

ತಮ್ಮ ವ್ಯಾಪಾರವನ್ನು ತಾವೇ ಬಿಟ್ಟುಕೊಟ್ಟು, ಪುಟದಲ್ಲಿ ಗುಲಾಬಿ ಸ್ಟ್ರಿಪ್ಪಿನ ತುಂಡು ಅಂಟಿಸಿ, ಪಕ್ಕದಲ್ಲಿ ಮಗನ ಫೋನ್ ನಂಬರು ಬರೆದುಕೊಂಡರು. ಈಗ ಮಾತ್ರೆ ಮುಗಿಯುವ ಎರಡು ದಿನ ಮೊದಲು ಗಂಡನಿಗೂ ಫೋನ್ ಹೋಗುತ್ತದೆ.

ಮೂರನೇ ವಾರಕ್ಕೆ ರೊಟ್ಟಿಯ ಸದ್ದು ಮತ್ತೆ ಕೇಳಿತು. ಎರಡು ತಿಂಗಳಿಗೆ ಅತ್ತೆ ಸಿಂಹಾಚಲಂನ ದರ್ಶನದ ಸಾಲಿನಲ್ಲಿ ಮಗನ ಕೈ ಬಿಡಿಸಿಕೊಂಡು ತಾವೇ ನಿಂತರು. ತಿರುಗಿ ಬಂದವರು ಪ್ರಸಾದದ ಪೊಟ್ಟಣ ಹಿಡಿದು, ಅಂಗಡಿಗೆ ನಡಿ ಅಂದರು.

ಪೊಟ್ಟಣವನ್ನು ಕೌಂಟರ್ ಮೇಲಿಟ್ಟು, ಅಂಗಡಿಯಾಕೆಗೆ ತಮ್ಮ ಕನ್ನಡದಲ್ಲೇ ಹೇಳಿದರು: "ತಂಗಿ, ಇವರಿಬ್ಬರೂ ತಂದ್ರು. ನೀ ನೋಡಿದಿ."

ನಾನು ಆ ಮಾತನ್ನು ತೆಲುಗಿನಲ್ಲಿ ಹೇಳಬೇಕಿತ್ತು. ಅಂಗಡಿಯಾಕೆ ಅದಕ್ಕೆ ಕಾಯಲಿಲ್ಲ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಅತ್ತೆಯ ಮಣಿಕಟ್ಟು ಹಿಡಿದು ಗಡಿಯಾರ ನೋಡತೊಡಗಿದರು. ಪಕ್ಕದಲ್ಲಿ ನಿಂತು ನಾನೂ ಗಡಿಯಾರ ನೋಡಿದೆ.